ಇಟ್ಟುಹೋದವರ ಸಾಮಾನು ಮತ್ತು ಒಂದು ವೈರಸ್ಸು

‘ಇಲ್ಲ’ ಎನ್ನುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಭಾತಂಬ್ರಾದ ನಮ್ಮ ಅಜ್ಜಿ, “ಬಾಗಿಲಿಗೆ ಬಂದವರಿಗಿ ಇಲ್ಲ ಅನಬಾರದು, ಆದ್ರ ಯಾರು ಬಂದಾರಂತ ಇಣುಕಿ ನೋಡಬೇಕು” ಅನ್ನುತ್ತಿದ್ದಳು. ನಾನು ಮೊದಲ ಅರ್ಧವನ್ನಷ್ಟೇ ಕಲಿತೆ. ಉಳಿದರ್ಧವನ್ನು ಕಲಿಸಲು ಒಂದು ಕಂಪ್ಯೂಟರ್ ವೈರಸ್ಸು ಬರಬೇಕಾಯಿತು.

ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನ ಹಿಂದೆ ಎಂಟು ಖೋಲಿಗಳ ವಠಾರ ನಮ್ಮದು. ನಾನೊಬ್ಬ ಸಾಲಿ ಮಾಸ್ತರ, ಒಂಟಿ ಜೀವ. ಉಳಿದ ಏಳು ಖೋಲಿಗಳಲ್ಲಿ ಹಮಾಲರ ಸಂಸಾರಗಳು. ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಗಂಜಿಗೆ ತೊಗರಿಯೇ ಬರಲಿಲ್ಲ, ಚೀಲವೇ ಇಲ್ಲದ ಮೇಲೆ ಹೊರುವುದೇನು? ಒಬ್ಬೊಬ್ಬರಾಗಿ ಪುಣೆ, ಹೈದರಾಬಾದ್ ಎಂದು ಹೊರಟರು. ಗುಳೆ ಹೋಗುವವರು ತಮ್ಮ ಸಾಮಾನನ್ನು ಉಳಿದವರ ಮನೆಯಲ್ಲಿ ಇಟ್ಟುಹೋಗುವುದು ನಮ್ಮ ಕಡೆಯ ರೂಢಿ. ಉಳಿದವನು ನಾನೊಬ್ಬನೇ. ಹೀಗಾಗಿ ನನ್ನ ಖೋಲಿಯಲ್ಲಿ ಏಳು ಕೀಲಿಕೈ, ಎರಡು ಒಳಕಲ್ಲು, ಒಂದು ತೊಟ್ಟಿಲು ಬಂದು ಕೂತವು. ತೊಟ್ಟಿಲಲ್ಲಿ ನಾನು ಉಳ್ಳಾಗಡ್ಡಿ ಇಟ್ಟುಕೊಂಡಿದ್ದೆ.

ಪ್ರಶ್ನಪತ್ರಿಕೆ ತಯಾರಿಸಲೆಂದು ಕೊಂಡ ಹಳೆಯ ಕಂಪ್ಯೂಟರೊಂದು ನನ್ನಲ್ಲಿತ್ತು. ಅದರಲ್ಲೂ ಸಾಮಾನು ಇಡಬಹುದೆಂದು ವಠಾರಕ್ಕೂ ಓಣಿಗೂ ತಿಳಿದ ಮೇಲೆ ಪೆನ್‌ಡ್ರೈವುಗಳು ಬರತೊಡಗಿದವು. ಪಕ್ಕದ ಖೋಲಿಯ ಶಕುಂತಲಾಬಾಯಿ ಔರಾದ ಕಡೆಯ ಡಾಬಕಾದವಳು, ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವವಳು. ಹೊರಡುವ ದಿನ ಫೋನಿನ ಮೆಮೊರಿ ಕಾರ್ಡ್ ತೆಗೆದುಕೊಟ್ಟಳು.

“ಮಾಸ್ತರ್, ಮಗಳ ಮದಿವಿ ಫೋಟೋ ಅವರಿ ಇದರಾಗ, ಭಾಲ್ಕಿದಾಗ ಆಗಿತ್ತಲ್ಲ. ನಮ್ಮತ್ತಿ ಜಲ್ಮದಾಗ ನಕ್ಕಿದ್ದು ಅದೊಂದರಾಗೇ. ಮುಂದ ತಿಂಗಳೊಪ್ಪತ್ತಿಗಿ ಹೋಗೇಬಿಟ್ಟಳು. ನಿಮ್ಮ ಡಬ್ಬಿದಾಗ ಇರ್ಲಿ.”

ಇಳಿಸಿಕೊಂಡೆ. ಅಷ್ಟಕ್ಕೇ ಬಿಡದೆ, ಜಾಣತನ ತೋರಿಸಲು ಕಾರ್ಡನ್ನು ಪೂರಾ ಅಳಿಸಿಕೊಟ್ಟೆ. “ಜಾಗ ಮಾಡಿಕೊಟ್ಟೀನಿ, ಹೊಸಾವು ತೆಗೀರಿ” ಎಂದು ಬೇರೆ ಹೇಳಿದೆ.

ಪ್ರತಿ ಭಾನುವಾರ ಪುಣೆಯಿಂದ ಅವಳ ಫೋನು. “ಫೋಟೋ ಹ್ಯಾಂಗ ಅವರಿ?” ಬಿಟ್ಟುಹೋದ ಕರುವಿನ ಬಗ್ಗೆ ಕೇಳಿದಂತೆ. ನಾನು ಒಂದೊಂದೇ ತೆರೆದು, ಯಾರು ಎಲ್ಲಿ ನಿಂತಿದ್ದಾರೆ, ಯಾರ ತಲೆಯ ಪಟಗಾ ಸೊಟ್ಟಗಿದೆ ಎಂದು ವರದಿ ಒಪ್ಪಿಸುತ್ತಿದ್ದೆ. ವಾರದ ಉಳಿದ ದಿನ ನನ್ನ ಕ್ಷೇಮ ವಿಚಾರಿಸುತ್ತಿದ್ದುದು ಅವಧಿ ಮುಗಿದ ಆಂಟಿವೈರಸ್ ಒಂದೇ. ಬೆಳಗಾದರೆ ಕೆಂಪಕ್ಷರದಲ್ಲಿ, ‘ನೀವು ಅಪಾಯದಲ್ಲಿದ್ದೀರಿ’. ಇಷ್ಟಾದರೂ ಕಾಳಜಿ ಮಾಡುವವರು ಯಾರಿದ್ದಾರೆಂದು ಅದನ್ನು ಹಾಗೇ ಬಿಟ್ಟಿದ್ದೆ.

ಒಂದು ಶನಿವಾರ ನೋಡುತ್ತೇನೆ, ಫೋಲ್ಡರುಗಳೆಲ್ಲ ಮೂಲೆಯಲ್ಲಿ ಪುಟ್ಟ ಬಾಣ ಚುಚ್ಚಿಸಿಕೊಂಡು ನಿಂತಿವೆ. ಎಷ್ಟು ಒತ್ತಿದರೂ ಒಳಗೆ ಏನೂ ಇಲ್ಲ. ಅತ್ತೆಯ ನಗುವೂ ಇಲ್ಲ. ಮರುದಿನ ಫೋನು ಬಂದಾಗ, “ಆರಾಮ ಅವರಿ” ಎಂದೆ, ಮನೆಲೆಕ್ಕ ಮಾಡದೆ ಬಂದ ಹುಡುಗನ ದನಿಯಲ್ಲಿ.

ಸೋಮವಾರ ಆ ಡಬ್ಬಿಯನ್ನು ಕೂಸಿನ ಹಾಗೆ ಎತ್ತಿಕೊಂಡು ರಿಪೇರಿಯ ಯೂಸುಫನ ಅಂಗಡಿಗೆ ಓಡಿದೆ. ಅವನು ನೋಡಿ ಹಣೆ ಬಡಿದುಕೊಂಡ. “ಮಾಸ್ತರ್ ಸಾಬ್, ಇದು ಕಂಪ್ಯೂಟರೋ ಬಂದವರೆಲ್ಲ ಇಳಿಯೋ ಮುಸಾಫಿರ್‌ಖಾನಾನೋ?”

“ಧೂಳು ಕೂಡಬಾರದಂತ ದಿನಾ ಟವೆಲ್ ಹೊಚ್ಚತೀನಲ್ಲೋ!”

“ಧೂಳಿನಿಂದ ಬರೋ ಬೇನಿ ಅಲ್ಲರಿ ಇದು. ಯಾರೋ ಬೇಕಂತ ಬರೆದು ಬಿಟ್ಟ ಪ್ರೋಗ್ರಾಮು. ಪೆನ್‌ಡ್ರೈವ್‌ದಾಗ ಕುಂತು ಬರ್ತದ, ಖರೇ ಫೋಲ್ಡರ್ ಬಚ್ಚಿಟ್ಟು ಅದರ ಹೆಸರಿಲೆ ತಾನೇ ಕೂಡ್ತದ. ನೀವು ಒತ್ತಿದ ಕೂಡ್ಲೇ ಮುಂದಿನ ಪೆನ್‌ಡ್ರೈವ್‌ಗೆ ಹತ್ಕೋತದ.”

ಅವನು ಕಳ್ಳನನ್ನು ಹೊರಹಾಕಿ ಏನೋ ಒಂದು ಸಾಲು ಒತ್ತಿದ. ಬಚ್ಚಿಟ್ಟದ್ದೆಲ್ಲ ಈಚೆ ಬಂತು. ಮುಂದಿನ ಎರಡು ಹಲ್ಲಿಲ್ಲದ ಅತ್ತೆ ನಕ್ಕಳು. ನಾನು ಕನ್ನಡಕ ಒರೆಸಿಕೊಂಡೆ.

“ಇನ್ನ ಮ್ಯಾಲ ಯಾವ ಪೆನ್‌ಡ್ರೈವ್ ಬಂದ್ರೂ ಮೊದಲ ತಪಾಸ ಮಾಡ್ರಿ, ಆಮ್ಯಾಲ ತೆರೀರಿ. ಆಂಟಿವೈರಸ್ ತಾಜಾ ಇಡ್ರಿ. ಎಲ್ಲಾದರದೂ ಒಂದು ನಕಲು ಬ್ಯಾರೆ ಡಿಸ್ಕಿನಾಗ ಹಾಕಿ, ವೈರ್ ಬಿಚ್ಚಿ ಸಂದೂಕದಾಗ ಇಡ್ರಿ. ಗುರ್ತಿಲ್ಲದವರ ಮೇಲ್ ತೆರೀಬ್ಯಾಡ್ರಿ.”

ಈ ಕೊನೆಯ ಮಾತಿಗೆ ನಾನು ನೆಲ ನೋಡಿದೆ. ಹಾಗೆ ಬಂದ ಒಂದು ಮೇಲಿಗೆ, ‘ಇಲ್ಲಿ ಎಲ್ಲಾ ಕ್ಷೇಮ, ನಿಮ್ಮ ಕಡೆ ಮಳೆ ಹೇಗಿದೆ?’ ಎಂದು ಉತ್ತರ ಬರೆದಿದ್ದೆ.

ಭಾನುವಾರ ಶಕುಂತಲಾಬಾಯಿಯ ಮುಂದೆ ತಪ್ಪೊಪ್ಪಿಕೊಂಡೆ. ಕಾರ್ಡ್ ಅಳಿಸಿದ್ದು, ವೈರಸ್ಸು, ಸುಳ್ಳು, ಎಲ್ಲ. ಆ ಕಡೆಯಿಂದ ನಗು ಕೇಳಿಸಿತು.

“ಅಯ್ಯ ಮಾಸ್ತರ್, ಮಗಳ ಫೋನಿನಾಗ ಇನ್ನೊಂದು ಸೆಟ್ ಅದರಿ. ಬಿತ್ತೋ ಬೀಜ ಎಲ್ಲಾ ಒಂದೇ ಮನ್ಯಾಗ ಯಾರರ ಇಡ್ತಾರೇನು?”

“ಮತ್ತ ವಾರ ವಾರ ಯಾಕ ಕೇಳ್ತಿದ್ದಿರಿ?”

“ನಿಮಗ ಇನ್ನೇನ್ ಕೇಳಬೇಕು? ಊಟಾತೇನ್ರಿ ಅಂದ್ರ ಆತು ಅಂತ ಸುಳ್ಳ ಹೇಳ್ತೀರಿ. ಆರಾಮೇನ್ರಿ ಅಂದ್ರ ಹೂಂ ಅಂತೀರಿ. ಫೋಟೋ ಕೇಳಿದ್ರಷ್ಟೇ ನಾಕು ಮಾತು ಆಡ್ತೀರಿ.”

ಯೂಸುಫ ಹೇಳಿದ್ದನ್ನೆಲ್ಲ ಆ ವಾರ ಚಾಚೂ ತಪ್ಪದೆ ಮಾಡಿದೆ. ನಕಲು ಸಂದೂಕದಲ್ಲಿದೆ, ಆಂಟಿವೈರಸ್ ಹಸಿರಾಗಿದೆ, ಕಂಪ್ಯೂಟರು ಗಟ್ಟಿಮುಟ್ಟಾಗಿದೆ.

ಮುಂದಿನ ಭಾನುವಾರ ಮತ್ತೆ ಅದೇ ಪ್ರಶ್ನೆ ಬಂತು. “ಫೋಟೋ ಹ್ಯಾಂಗ ಅವರಿ?”

“ಇನ್ನಾ ಸ್ವಲ್ಪ ನಿತ್ರಾಣ ಅವರಿ,” ಎಂದೆ. “ನಡುವ ಬುಧವಾರಕ್ಕೊಮ್ಮಿ ಕೇಳಿದ್ರ ಛೊಲೋ.”