ಪಟ್ಟಿಯಲ್ಲಿಲ್ಲದ ಚುಕ್ಕಿ

ಬೆಳಕು ಹರಿಯುವ ಮುನ್ನ ನಿಟ್ಟುವಳ್ಳಿಯ ತಾರಸಿಯ ಮೇಲೆ ಕೊಟ್ಟೂರೇಶ್ ಮೇಷ್ಟ್ರಿಗೆ ಒಂದು ಚುಕ್ಕಿ ಹೆಚ್ಚಿಗೆ ಸಿಕ್ಕಿತು. ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಲ್ಯಾಪ್‌ಟಾಪಿನ ತಾರಾಲಯ ಸಾಫ್ಟ್‌ವೇರಿನಲ್ಲಿ ಅದೇ ಜಾಗ ಖಾಲಿ.

"ವಾಣಿ, ಹೊಸ ನಕ್ಷತ್ರ ಸಿಕ್ಕೈತೆ ಕಣೇ" ಎಂದು ಕೂಗಿದ್ದು ಹೆಂಡತಿಗೆ. ಕೇಳಿಸಿದ್ದು ಪಕ್ಕದ ಮನೆಯ ಶಾಂತಕುಮಾರಿಗೆ. ಆಕೆಯ ಬಾಯಿಗೆ ಬಿದ್ದ ಸುದ್ದಿ ಒಡೆದ ಪೈಪಿನ ನೀರಿನಂತೆ ಬೀದಿ ತುಂಬ ಹರಿಯಿತು. ವಿದೇಶದ ಖಗೋಳ ಕೇಂದ್ರಕ್ಕೆ ಮೇಷ್ಟ್ರು ಇ-ಮೇಲ್ ಬರೆಯುತ್ತಿದ್ದರೆ ಸುತ್ತಲೂ ಜನ.

"ಸರ, ಇದರಿಂದ ಕನ್ಯಾ ರಾಶಿಯೋರಿಗೆ ಏನಾರ ತೊಂದ್ರೆ ಐತೇನ್ರಿ?" ಎಂದು ಶಾಂತಕುಮಾರಿ ಕೇಳಿದಳು.

ಇ-ಮೇಲ್ ಕಳಿಸುವ ಮೊದಲೇ, ಸುದ್ದಿ ತಿಳಿದು, ಮೇಷ್ಟ್ರು ಪಾಠ ಮಾಡುವ ಕಾಲೇಜಿನ ಅಧ್ಯಕ್ಷ ಶಿವಮೂರ್ತಪ್ಪನವರ ಫೋನು ಬಂತು.

"ಮೇಷ್ಟ್ರೆ, ಮಧ್ಯಾಹ್ನ ಹರಿಹರದಾಗ ನಮ್ಮ ಸಂಸ್ಥೆ ಸಭೆ ಐತೆ. ಅಲ್ಲೇ ನಿಮಗೆ ಸನ್ಮಾನ. ನಿಮ್ಮ ಟೆಂಪರರಿ ನೌಕರಿ ಪರ್ಮನೆಂಟ್ ಮಾಡೋದೂ ಅಲ್ಲೇ ಹೇಳಿಬಿಡ್ತೀನಿ. ನಕ್ಷತ್ರಕ್ಕ ಮಾತ್ರ ನಮ್ಮವ್ವನ ಹೆಸರು, ಬಸವಣ್ಣೆಮ್ಮ ಅಂತ."

ವರ್ಷಗಳಿಂದ ಕಾದಿದ್ದ ಮಾತು. ಮೇಷ್ಟ್ರು ಇ-ಮೇಲ್ ಮರೆತು ಇಸ್ತ್ರಿ ಅಂಗಿ ಹುಡುಕತೊಡಗಿದರು.

ಹರಿಹರದ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಅದೇ ಕಾಲೇಜಿನ ಗಣಿತ ಮೇಷ್ಟ್ರು ಅಬ್ದುಲ್ ರಹೀಮ್. ಅವರು ಮೊಬೈಲ್ ನೋಡುತ್ತ ಮೆಲ್ಲಗೆ ಹೇಳಿದರು: "ಸರ್, ಸಾಫ್ಟ್‌ವೇರಿನವರೇ ಬರ್ದಾರೆ ನೋಡ್ರಿ. ದೊಡ್ಡ ನಕ್ಷತ್ರ ಒಂದು ಪಟ್ಟಿಯಿಂದ, ಸಣ್ಣವು ಇನ್ನೊಂದರಿಂದ ತಗೊಂಡಾರೆ. ಜೋಡಿಸುವಾಗ ಕೆಲವು ಎರಡರಾಗೂ ಬಿಟ್ಟು ಹೋಗ್ಯಾವೆ. ನಿಮ್ಮ ಚುಕ್ಕಿ ಇರೋ ಭಾಗನೂ ಅದರಾಗ ಐತೆ."

"ಅಂದ್ರೆ ನಾನು ಕಂಡುಹಿಡಿದಿದ್ದು ನಕ್ಷತ್ರ ಅಲ್ಲ, ಪಟ್ಟಿಯಾಗಿನ ತೂತು."

"ಹಂಗೇ ಕಾಣ್ತದೆ ಸರ್."

ಬರೆದಿಟ್ಟು ಕಳಿಸದೆ ಉಳಿದಿದ್ದ ಇ-ಮೇಲನ್ನು ಕೊಟ್ಟೂರೇಶ್ ತಮ್ಮ ಮೊಬೈಲಿನಲ್ಲಿ ಅಲ್ಲೇ ಅಳಿಸಿದರು. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಹಾರೈಸಿದರು. ಅದು ಎಂದೂ ಇಲ್ಲದಷ್ಟು ಚುರುಕಾಗಿ ಹರಿಹರ ಸೇರಿತು.

ಸಭಾಂಗಣದಲ್ಲಿ 'ಬಸವಣ್ಣೆಮ್ಮ ನಕ್ಷತ್ರ' ಎಂಬ ಬ್ಯಾನರು ಗೋಡೆಯಗಲ ಹರಡಿತ್ತು. ಶಾಲು ಹೆಗಲಿಗೆ ಬಿದ್ದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎದುರಿಗೆ ಕೂತ ವಿದ್ಯಾರ್ಥಿಗಳ ಮುಖ ನೋಡಿ ಮೈಕಿನಲ್ಲಿ ನಿಜ ಹೇಳಿಬಿಟ್ಟರು: ಅದು ಹಳೆಯ ನಕ್ಷತ್ರ, ಪಟ್ಟಿ ಮಾಡಿದವರು ಬಿಟ್ಟಿದ್ದರು, ತಾವು ಕಂಡಿದ್ದು ಪಟ್ಟಿಯ ತೂತು, ಅಷ್ಟೇ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಹಂಗಾರೆ ಊಟ ಐತೋ ಇಲ್ಲೋ?"

ಶಿವಮೂರ್ತಪ್ಪ ಕೆಂಪಗಾಗಿದ್ದರು. "ಏನ್ರಿ, ನಮ್ಮವ್ವನ ಹೆಸರು ತೂತಿಗೆ ಇಡ್ಸಿದ್ರೇನ್ರಿ?"

ನೌಕರಿಯ ಮಾತು ಯಾರೂ ಎತ್ತಲಿಲ್ಲ. ಮೇಷ್ಟ್ರು ಊಟ ಬಿಟ್ಟು, ತಲೆ ತಗ್ಗಿಸಿಕೊಂಡು ಮನೆ ಸೇರಿದರು.

ಸಂಜೆ ರಹೀಮ್ ಓಡೋಡಿ ಬಂದರು. ಅವರ ಮುಖ ಸುಣ್ಣದಂತೆ ಬಿಳಿಚಿತ್ತು.

"ಸರ್, ಮೊದಲು ಕೂಡ್ರಿ. ಪಟ್ಟಿಯಾಗ ತೂತಿರೋದು ಖರೆ. ಆದ್ರೆ ಬಿಟ್ಟುಹೋದ ನಕ್ಷತ್ರಗಳಾಗ ನಿಮ್ಮದಿಲ್ಲ. ನಿಮ್ಮದು ನೋವಾ. ಇದ್ದಕ್ಕಿದ್ದಂಗೆ ಸ್ಫೋಟಗೊಂಡು ಬೆಳಗಿದ್ದು. ಜಪಾನಿನ ಒಬ್ಬ ರಿಟೈರ್ಡ್ ಪೋಸ್ಟ್‌ಮನ್ ಮಧ್ಯಾಹ್ನ ವರದಿ ಕಳಿಸ್ಯಾನೆ. ಪತ್ತೆ ಮಾಡಿದೋನು ಅಂತ ಅವನ ಹೆಸರು ಬಂದೈತೆ."

ಮಾನವಾದರೂ ಉಳಿಯಲಿ ಎಂದು ಕೊಟ್ಟೂರೇಶ್ ಶಿವಮೂರ್ತಪ್ಪನವರಿಗೆ ಫೋನು ಹಚ್ಚಿದರು. "ಸಾಹೇಬ್ರೆ, ಅದು ನಿಜವಾಗ್ಲೂ ಹೊಸ ನಕ್ಷತ್ರ ಅಂತ್ರಿ."

ಆ ಕಡೆಯ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಬರೀ ಮರುಕವಿತ್ತು. "ಮೇಷ್ಟ್ರೆ, ಮುಂಜಾನೆ ಹೊಸದು ಅಂದ್ರಿ, ಮಧ್ಯಾಹ್ನ ಹಳೇದು ಅಂದ್ರಿ, ಈಗ ಮತ್ತೆ ಹೊಸದು ಅಂತೀರಿ. ನಾಳಿಂದ ಕಾಲೇಜಿಗೆ ಬರಬ್ಯಾಡ್ರಿ. ಒಳ್ಳೆ ಡಾಕ್ಟರಿಗೆ ತೋರಿಸ್ರಿ."

"ಏನಂದ್ರು?" ಎಂದಳು ವಾಣಿ.

"ಆರೋಗ್ಯ ವಿಚಾರಿಸಿದ್ರು" ಎಂದರು ಕೊಟ್ಟೂರೇಶ್.