ನಲವತ್ತು ಕಾಲಿನ ಬಿಳಿ ಚಿಪ್ಪು

ಹುಚ್ಚು ಒಂದಿದ್ದರೆ ಸಾಕು ಮಾರಾಯ್ರೆ, ನಗೆಪಾಟಲು ತಾನಾಗಿ ಹುಡುಕಿಕೊಂಡು ಬರುತ್ತದೆ. ನನ್ನ ಪಾಲಿಗೆ ಅದು ವರ್ಷಕ್ಕೆ ನಾಲ್ಕೈದು ಸಲವಾದರೂ ಬರುತ್ತದೆ. ಒಮ್ಮೆ ಬಸ್ಸು ಹತ್ತಿಯೂ ಬಂದದ್ದುಂಟು.

ಪರ್ಕಳದಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಈಗ ಟಿವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಗುಜರಿಗೆ ಹಾಕಿ ಹೊಸತು ತರುತ್ತಾರೆ. ಕೆಲಸ ಕಡಿಮೆಯಾದ ಮೇಲೆ ನಾನು ಹಳೆಯ ಕಂಪ್ಯೂಟರುಗಳ ಮೈಕ್ರೊಪ್ರೊಸೆಸರ್ ಚಿಪ್ಪುಗಳನ್ನು ಕೂಡಿಡಲು ಸುರು ಮಾಡಿದೆ. ಮೈಕ್ರೊಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ಹಳೆಯ ಕಾಲದ್ದು ಬೆರಳುದ್ದದ ತುಂಡು, ಎರಡು ಬದಿಯಲ್ಲಿ ಸಾಲಾಗಿ ಕಾಲು. ನನ್ನ ಹತ್ತಿರ ನೂರರಷ್ಟು ಉಂಟು. ಆದರೆ 8080 ಎಂಬ ನಂಬರಿನದ್ದು, ಬಿಳಿ ಪಿಂಗಾಣಿ ಮೈ, ಬೆನ್ನಿಗೆ ಚಿನ್ನದ ಬಣ್ಣದ ಮುಚ್ಚಳ, ಒಟ್ಟು ನಲವತ್ತು ಕಾಲು, ಅದೊಂದು ಇಲ್ಲ. ಡಬ್ಬಿಯಲ್ಲಿ ಅದಕ್ಕೆಂದೇ ಜಾಗ ಬಿಟ್ಟಿದ್ದೇನೆ. ಹನ್ನೊಂದು ವರ್ಷದಿಂದ ಆ ಖಾಲಿ ಜಾಗ ನನ್ನನ್ನು ನೋಡಿ ಹಲ್ಲು ಕಿರಿಯುತ್ತಾ ಉಂಟು. ಅದು ತುಂಬಿದರೆ ನನಗೆ ಬೇರೆ ಎಂತದೂ ಬೇಡ.

ಕಾಪುವಿನ ಗೋಣಿ

ಅಂಗಡಿಗೆ ಬಂದವರಿಗೆಲ್ಲ ನಾನು ಒಂದು ಮಾತು ಹೇಳಿ ಕಳಿಸುವುದುಂಟು. ಮನೆಯಲ್ಲಿ ಹಳೆಯ ಚಿಪ್ಪು ಇದ್ದರೆ ಬಿಸಾಡಬೇಡಿ, ನನಗೆ ಕೊಡಿ ಅಂತ. ಚಿಪ್ ಎಂಬ ಶಬ್ದ ನಮ್ಮ ಬಾಯಿಂದ ಕೊನೆಗೊಂದು ಉಕಾರ ಸೇರದೆ ಹೊರಗೆ ಬರುವುದಿಲ್ಲವಲ್ಲ. ಕಾಪುವಿನಲ್ಲಿ ಮೀನು ಮಾರುವ ಅಕ್ಕ ಒಬ್ಬರು ರೇಡಿಯೊ ರಿಪೇರಿಗೆ ಬಂದಾಗ ಇದನ್ನು ಕೇಳಿಕೊಂಡು ಹೋದರು. ಮುಂದಿನ ವಾರ ಎರಡು ಬಸ್ಸು ಬದಲಿಸಿ ಅರ್ಧ ಗೋಣಿ ಹೊತ್ತುಕೊಂಡು ಬಂದರು. ಬಾಯಿ ಬಿಚ್ಚಿದರೆ ಒಳಗೆ ಪೂರಾ ಮರುವಾಯಿ ಚಿಪ್ಪು. ಕಡಲಿನದ್ದು. ನಾನು ಫ್ಯಾನು ಹಾಕಿದೆ. ಅದರಿಂದ ಆದ ಉಪಕಾರ ಎಂದರೆ ವಾಸನೆ ಪಕ್ಕದ ಬೇಕರಿಗೂ ಹಂಚಿಹೋಯಿತು.

ಅಷ್ಟು ದೂರದಿಂದ ಹೊತ್ತು ತಂದವರನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲ. ಕುಳ್ಳಿರಿಸಿ ಚಾ ತರಿಸಿ, ನಿಜವಾದ ಚಿಪ್ಪು ಒಂದನ್ನು ಕೈಯಲ್ಲಿಟ್ಟು ವಿವರಿಸಿದೆ. ಬೇಕಾದದ್ದು ಇದು, ಇದರ ಬೆನ್ನಿನ ಮೇಲೆ ನಂಬರ್ ಇರುತ್ತದೆ, ನಂಬರ್ ನೋಡಿಯೇ ಇದರ ಮರ್ಯಾದೆ ಎಂದೆ. ಅಕ್ಕ ಅದನ್ನು ತಿರುಗಿಸಿ ನೋಡಿದರು. ಆಮೇಲೆ ತಮ್ಮ ಗೋಣಿಯನ್ನು ನೋಡಿದರು.

"ನಂಬರ್ ಅಲ್ವಾ ಬೇಕಾದದ್ದು? ಪೆನ್ನು ಕೊಡಿ, ಬರೆಯುವ" ಎಂದರು.

ನಗಬೇಡಿ. ಈ ವ್ಯಾಪಾರದಲ್ಲಿ ಅರ್ಧ ಜನ ಮಾಡುವುದು ಅದನ್ನೇ.

ಉಗುರಿನ ಸಮಾಚಾರ

ಅದು ಹೇಗೆಂದು ಹೇಳುತ್ತೇನೆ. ನಕಲಿ ಮಾಡುವವರು ಸಾಧಾರಣ ಚಿಪ್ಪಿನ ಬೆನ್ನು ಉಜ್ಜಿ, ಕಪ್ಪು ಬಣ್ಣ ಬಳಿದು, ಮೇಲಿಂದ ಅಪರೂಪದ ನಂಬರ್ ಹೊಡೆಯುತ್ತಾರೆ. ಅದನ್ನು ಪತ್ತೆ ಮಾಡಲು ನನ್ನ ಉಪಾಯ ಉಗುರಿನ ಪಾಲಿಶ್ ತೆಗೆಯುವ ನೀರು. ಹತ್ತಿಯಲ್ಲಿ ಅದ್ದಿ ಉಜ್ಜಿದರೆ ಬಳಿದ ಬಣ್ಣ ಹತ್ತಿಗೆ ಬರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ.

ಈ ನೀರನ್ನು ನಾನು ಮಣಿಪಾಲದ ಒಂದು ಫ್ಯಾನ್ಸಿ ಅಂಗಡಿಯಿಂದ ತರುವುದು. ಎರಡು ವಾರಕ್ಕೊಂದು ಬಾಟ್ಲಿ. ಅಲ್ಲಿಯ ಹುಡುಗಿ ಬಹಳ ದಿನ ಸುಮ್ಮನಿದ್ದಳು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟಳು, "ಅಂಕಲ್, ತೆಗೆಯುವುದು ನೀವು, ಸರಿ. ಹಚ್ಚುವುದು ಯಾರು?"

ನನ್ನ ಗ್ರಹಚಾರಕ್ಕೆ ನನ್ನ ಹೆಂಡತಿಯ ಭಜನಾ ಮಂಡಳಿಯವರೊಬ್ಬರು ಅಲ್ಲೇ ಹೇರ್‌ಪಿನ್ ಆರಿಸುತ್ತಾ ನಿಂತಿದ್ದರು. ನನ್ನ ಸ್ಕೂಟರ್ ಪರ್ಕಳ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ನಿಂತು, ಯಾರದ್ದು ಉಗುರು, ಹೇಳಿ ಎಂದಳು. ನಾನು ಹೆದರಲಿಲ್ಲ. ನನ್ನ ಹತ್ತಿರ ಸಾಕ್ಷಿ ಇತ್ತಲ್ಲ. ಹಿಂದಿನ ದಿನವಷ್ಟೇ ಒಂದು ನಕಲಿ ಚಿಪ್ಪು ಹಿಡಿದಿದ್ದೆ. ಉಜ್ಜಿದ ಹತ್ತಿಯನ್ನು ಕಸದ ಬುಟ್ಟಿಯಿಂದ ಹೆಕ್ಕಿ ತಂದು ಮುಖದೆದುರು ಹಿಡಿದೆ. ಹತ್ತಿ ಕಪ್ಪಗಾಗಿತ್ತು.

ಅವಳು ಅದನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿದಳು.

"ಇದು ಉಗುರಿನದ್ದಲ್ಲ" ಎಂದಳು. "ಕಾಡಿಗೆ."

ಮಟ್ಟುವಿನಿಂದ ಉತ್ತರ

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಒಬ್ಬರು ನನಗೆ ಹಳೆಯ ಗಿರಾಕಿ. ಅವರ ಅಟ್ಟದಲ್ಲಿ ಹಳೆಯ ಸಾಮಾನು ತುಂಬಿದ್ದು ನನಗೆ ಗೊತ್ತಿತ್ತು. ಫೋನು ಮಾಡಿ, ಒಮ್ಮೆ ಹುಡುಕಿ ನೋಡಿ, ಬಿಳಿ ಮೈ, ಬೆನ್ನು ಬಂಗಾರದ ಬಣ್ಣ, ನಲವತ್ತು ಕಾಲು, ಸಿಕ್ಕಿದರೆ ಜೋಪಾನವಾಗಿ ಇಟ್ಟುಕೊಳ್ಳಿ ಎಂದೆ. 

"ನಲವತ್ತು ಕಾಲಿನದ್ದು ಕಂಡರೆ ನಾವು ಔಷಧ ಹೊಡೆಯುವುದು ಮಾರಾಯ್ರೆ" ಎಂದರು. "ಇಟ್ಟುಕೊಳ್ಳುವ ಕ್ರಮ ಇಲ್ಲ."

ಕಾರ್ಕಳದ ಬಾಯಮ್ಮ

ಕಳೆದ ಡಿಸೆಂಬರಿನಲ್ಲಿ ಕಾರ್ಕಳದ ಹತ್ತಿರ ಒಬ್ಬರು ಬಾಯಮ್ಮನ, ಅಂದರೆ ಕ್ರಿಶ್ಚಿಯನ್ ಅಜ್ಜಿಯ, ಮನೆಗೆ ಟಿವಿ ರಿಪೇರಿಗೆ ಹೋದೆ. ಎಪ್ಪತ್ತೊಂಬತ್ತು ವರ್ಷದವರು, ಮಗಳ ಜೊತೆ ಇರುವುದು. ಗಂಡ ಹಡಗಿನಲ್ಲಿ ರೇಡಿಯೊ ವಿಭಾಗದಲ್ಲಿದ್ದವರು, ತೀರಿಕೊಂಡು ಬಹಳ ಕಾಲವಾಗಿದೆ. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಯ ಗೌಜಿ ನಡೆದಿತ್ತು. ಮೇಜಿನ ಮೇಲೆ ಹಿಟ್ಟು ಹರಡಿಕೊಂಡು ಬಾಯಮ್ಮ ಕಿಡಿಯೊ ಮಾಡುತ್ತಿದ್ದರು. ಹಿಟ್ಟಿನ ಸಣ್ಣ ತುಂಡನ್ನು ಚಪ್ಪಟೆ ಮಾಡಿ, ಮೇಲೆ ಗೆರೆ ಎಳೆದು, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವ ತಿಂಡಿ ಅದು. ಗೆರೆಗೆ ಎಲ್ಲರೂ ಬಾಚಣಿಗೆಯನ್ನೋ ಫೋರ್ಕನ್ನೋ ಉಪಯೋಗಿಸುತ್ತಾರೆ. ಬಾಯಮ್ಮನ ಕೈಯಲ್ಲಿದ್ದದ್ದು ಬಿಳಿ ಬಣ್ಣದ ಬೆರಳುದ್ದದ ತುಂಡು.

ನನ್ನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಒಮ್ಮೆ ಕೊಡಿ ಎಂದು ಬೇಡಿ ತೆಗೆದುಕೊಂಡು ಬೆನ್ನಿಗೆ ಹತ್ತಿದ ಹಿಟ್ಟನ್ನು ಒರಸಿದೆ. ಚಿನ್ನದ ಮುಚ್ಚಳ. ಅದರ ಮೇಲೆ 8080. ಕಾಲು ಎಣಿಸಿದೆ, ನಲವತ್ತೂ ಉಂಟು, ಒಂದೂ ಡೊಂಕಾಗಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣಲ್ಲಿ ನೀರು ಬಂತು. ಬಾಯಮ್ಮ ನನಗೆ ಹಿಟ್ಟಿನ ಹುಡಿ ಕಣ್ಣಿಗೆ ಹೋಯಿತೆಂದು ಟವೆಲು ಕೊಟ್ಟರು.

ಗಂಡ ಎಂದೋ ಹಡಗಿನ ಗುಜರಿಯಿಂದ ತಂದು ಕೊಟ್ಟದ್ದಂತೆ. ಮಕ್ಕಳು ಆಡಲಿ ಎಂದು ತಂದದ್ದು ಅಡಿಗೆಮನೆಗೆ ಸೇರಿತ್ತು. ನಾನು ಕೊಡುತ್ತೀರಾ ಎಂದು ಕೇಳಿದೆ. ಹಾಗಾದರೆ ಕಿಡಿಯೊ ಮಾಡುವುದು ಹೇಗೆ ಎಂದು ಅವರು ಕೇಳಿದರು. ಅದೂ ನ್ಯಾಯವೇ.

ಮರುದಿನ ನಾನು ಹೊಸ ಬಾಚಣಿಗೆ ಮೂರು, ಸ್ಟೀಲ್ ಫೋರ್ಕ್ ಎರಡು ತೆಗೆದುಕೊಂಡು ಹೋದೆ. ಜೊತೆಗೆ ನನ್ನ ಡಬ್ಬಿಯಿಂದ ನಾಲ್ಕು ಕಪ್ಪು ಚಿಪ್ಪು, ಎಲ್ಲವೂ ನಲವತ್ತು ಕಾಲಿನದ್ದೇ. ಬಾಯಮ್ಮ ಒಂದೊಂದನ್ನೇ ತೊಳೆದು ಹಿಟ್ಟಿನ ಮೇಲೆ ಎಳೆದು ಪರೀಕ್ಷೆ ಮಾಡಿದರು. ಬಾಚಣಿಗೆಗೆ ಹಿಟ್ಟು ಅಂಟಿತು. ಫೋರ್ಕಿನ ಗೆರೆ ದಪ್ಪವಾಯಿತು. ಎರಡು ಚಿಪ್ಪಿನ ಕಾಲು ಮೊದಲ ಎಳೆತಕ್ಕೇ ಬಾಗಿದವು. ಮೂರನೆಯದನ್ನು ಅವರು ಬೆರಳಲ್ಲಿ ಸವರಿ, ಇದಕ್ಕೆ ಮೊದಲು ಬೆಸುಗೆ ಹಾಕಿದ್ದುಂಟು, ಕಾಲು ದೊರಗು ಎಂದು ಬದಿಗಿಟ್ಟರು. ಅದನ್ನು ಹೊಸತೆಂದು ನಂಬಿ ತಂದವ ನಾನು. ನಾಲ್ಕನೆಯದರ ನಂಬರ್ ಬಿಸಿನೀರಿಗೇ ಎದ್ದುಹೋಯಿತು. ಭೂತಗನ್ನಡಿ ಹಿಡಿದು ಹನ್ನೊಂದು ವರ್ಷ ನಾನು ಕಲಿತ ವಿದ್ಯೆ ಅವರಿಗೆ ಅರ್ಧ ಸೇರು ಹಿಟ್ಟಿನಲ್ಲಿ ಬಂದಿತ್ತು.

ಕೊನೆಗೆ ನಾನು ಉಪಾಯ ಬಿಟ್ಟು ಸತ್ಯ ಹೇಳಿದೆ. ಇದು ಬಹಳ ಅಪರೂಪದ್ದು, ಇಂಥದ್ದಕ್ಕೆ ಊರೂರಿನ ಸಂಗ್ರಹಕಾರರು ಬಾಯಿ ಬಾಯಿ ಬಿಡುತ್ತಾರೆ, ಇದು ಹಿಟ್ಟಿನಲ್ಲಿ ಹೊರಳುವ ವಸ್ತುವಲ್ಲ ಎಂದೆ. ಬಾಯಮ್ಮನ ಮುಖ ಅರಳಿತು.

"ಅಷ್ಟು ಅಪರೂಪದ್ದಾ?" ಎಂದರು. "ನಮ್ಮ ಮನೆಯಂಥ ಕಿಡಿಯೊ ಇಡೀ ಇಗರ್ಜಿಯಲ್ಲಿ ಯಾರಿಗೂ ಬರುವುದಿಲ್ಲ. ಕಾರಣ ಈಗ ಗೊತ್ತಾಯಿತು."

ಅಲ್ಲಿಗೆ ಮುಗಿಯಿತು. ಅಷ್ಟು ದಿನ ಲಟ್ಟಣಿಗೆಯ ಜೊತೆ ಡಬ್ಬದಲ್ಲಿ ಬಿದ್ದಿರುತ್ತಿದ್ದ ಚಿಪ್ಪನ್ನು ಅವರು ಕಣ್ಣೆದುರೇ ತೊಳೆದು, ಒರಸಿ, ಕರವಸ್ತ್ರದಲ್ಲಿ ಸುತ್ತಿ ಕಪಾಟಿನೊಳಗಿಟ್ಟು ಬೀಗ ಹಾಕಿದರು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ನನ್ನ ಮೋರೆ ನೋಡಿ ಅವರಿಗೆ ಪಾಪ ಕಂಡಿರಬೇಕು. ತಟ್ಟೆ ತುಂಬ ಕಿಡಿಯೊ ತಂದು ಎದುರಿಗಿಟ್ಟು, ಬೇಸರ ಮಾಡಬೇಡಿ, ಮಗಳ ಹತ್ತಿರ ಈಗಲೇ ಬರೆಸಿಡುತ್ತೇನೆ, ನಾನು ಹೋದ ಮೇಲೆ ಅದು ನಿಮಗೇ ಎಂದರು. ಮಗಳು ಬರೆದದ್ದೂ ಹೌದು, ಅವರು ಸಹಿ ಹಾಕಿದ್ದೂ ಹೌದು. ನನಗೆ ಸಂತೋಷವಾಯಿತು. ಮರುಕ್ಷಣ ಆ ಸಂತೋಷದ ಅರ್ಥ ಹೊಳೆದು ನಾಚಿಕೆಯೂ ಆಯಿತು. ಛೆ, ಹಾಗೆಲ್ಲ ಹೇಳಬೇಡಿ, ನೀವು ನೂರು ವರ್ಷ ಇರಬೇಕು ಎಂದು ಗಡಿಬಿಡಿಯಲ್ಲಿ ಹೇಳಿ ಒಂದರ ಮೇಲೊಂದು ಕಿಡಿಯೊ ಬಾಯಿಗೆ ಹಾಕಿಕೊಂಡೆ.

ಬಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನಗೆ ಅರುವತ್ತೆರಡು. ಅವರ ಮನೆಯ ಹನ್ನೆರಡು ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತವ. ಚಾ ಕೊಟ್ಟಾಗ ನನಗೆ ಶುಗರ್ ಉಂಟು, ಸಕ್ಕರೆ ಬೇಡ ಎಂದವನೂ ನಾನೇ.

"ನನ್ನ ಅಮ್ಮ ಹೋದದ್ದು ತೊಂಬತ್ತೆಂಟಕ್ಕೆ. ಅಕ್ಕ ಈಗಲೂ ಕಾಯಿ ಸುಲಿಯುತ್ತಾರೆ" ಎಂದರು. "ನನ್ನದೆಂತದೂ ತೊಂದರೆ ಇಲ್ಲ. ನಿಮ್ಮದೇ ಚಿಂತೆ ನನಗೆ."

ಹಾಗೆಂದು ಕಿಡಿಯೊ ತಟ್ಟೆಯನ್ನು ನನ್ನೆದುರಿನಿಂದ ಎತ್ತಿಕೊಂಡು ಒಳಗೆ ಹೋದರು.