ಸೀಲು ಹಾಕಿದ ಗಣಿತ

ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಪೇಟೆಯ ಯಾವ ತಕ್ಕಡಿಯನ್ನೂ ನಂಬಿದವರಲ್ಲ. ಹೆಂಡತಿಯ ಮಾತನ್ನೂ ತೂಗಿ ನೋಡಿಯೇ ಒಪ್ಪುವವರು (ಒಪ್ಪದಿದ್ದರೂ ನಡೆಯುವುದು ಅವಳ ಮಾತೇ, ಅದು ಬೇರೆ ವಿಷಯ). ಇಂಥವರ ಕೈಗೆ ಮನೆಯ ಗಣಿತ ಸಿಕ್ಕಿಬಿದ್ದಿತು.

ಮೂರು ವರ್ಷದಲ್ಲಿ ಮೂರು ವರ್ಗಾವಣೆ, ಮೂರು ಶಾಲೆ. ಒಂದು ಶಾಲೆಯಲ್ಲಿ ಕಳೆಯುವುದು ಮುಗಿಯುವಷ್ಟರಲ್ಲಿ ಮುಂದಿನ ಶಾಲೆಯಲ್ಲಿ ಭಾಗಿಸುವುದು ಶುರುವಾಗಿತ್ತು. ನಡುವಿನ ಗುಣಿಸುವುದು ಸಾಮಾನಿನ ಲಾರಿಯಿಂದ ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಒಂಬತ್ತು ವರ್ಷದ ದೊಡ್ಡ ಮಗಳು ಒಮ್ಮೆ ತಪ್ಪು ಉತ್ತರ ಹೇಳಿ, ತರಗತಿಯೆಲ್ಲ ನಕ್ಕ ಮೇಲೆ, ಉತ್ತರ ಬರೆಯುವುದನ್ನೇ ಬಿಟ್ಟಳು. ಲೆಕ್ಕವನ್ನು ಮುದ್ದಾಗಿ ನಕಲು ಮಾಡುವಳು, ಸಮ ಚಿಹ್ನೆ ಹಾಕುವಳು, ಅದರ ಮುಂದೆ ಖಾಲಿ. ಪುಟಕ್ಕೆ ಪುಟವೇ ಖಾಲಿ.

"ಒಂದು ವರ್ಷ ಮನೇಲೇ ಕಲೀಲಿ" ಎಂದು ತಾಯಿ ತೀರ್ಪು ಕೊಟ್ಟಳು. ಆಕೆ ಫಿಸಿಯೋಥೆರಪಿಸ್ಟ್. ಊರಿನ ಬಾಗದ ಮೊಣಕಾಲುಗಳನ್ನೆಲ್ಲ ಬಾಗಿಸಿದವಳು. ಗಂಡನ ಕತ್ತೊಂದು ಮಾತ್ರ ಇನ್ನೂ ಚಿಕಿತ್ಸೆಯಲ್ಲಿತ್ತು.

"ಬೇರೆಲ್ಲ ನಾನು ನೋಡ್ಕೊತೀನಿ. ಗಣಿತದ ಪುಸ್ತಕ ನೀವು ಆರಿಸಿ. ಅವಳ ಹೆದರಿಕೆ ಹೋಗಬೇಕು, ಅಷ್ಟೇ."

"ಅಷ್ಟೇ ಅಂದ್ರೆ? ಪಠ್ಯಕ್ರಮ ಆರಿಸೋದು ಅಂದ್ರೆ ತರಕಾರಿ ಆರಿಸಿದ ಹಾಗೇನೇ?"

"ತರಕಾರಿಗೆ ನಿಮ್ಮನ್ನ ಕಳಿಸಿದ್ದು ಒಂದೇ ಸಲ. ಮೂರು ಅಂಗಡಿಯವರ ಮೇಲೆ ಕೇಸು ಹಾಕಿ ಬರಿಗೈಲಿ ಬಂದ್ರಿ."

ಮೂರು ಪ್ರಕಾಶಕರಿಂದ ಮೂರು ಪೆಟ್ಟಿಗೆ ಬಂದವು. ಹದಿನೈದು ದಿನ ಇಟ್ಟುಕೊಂಡು ನೋಡಬಹುದು. ಒಂದು ಗೀರು ಬಿದ್ದರೂ ಕೊಂಡಂತೆ ಎಂಬುದು ಷರತ್ತು. ಭಾನುವಾರ ಸಾಹೇಬರು ಸ್ನಾನ ಮುಗಿಸಿ, ಇಲಾಖೆಯ ಬ್ಯಾಡ್ಜು ಧರಿಸಿ (ಮನೆಯೊಳಗೆ!), ಊಟದ ಮೇಜಿನ ಮುಂದೆ ವಿರಾಜಮಾನರಾದರು.

ಮೊದಲ ಸೆಟ್ಟನ್ನು ತೂಗಿದರು. ನಾಲ್ಕು ಕೆಜಿ ಇನ್ನೂರು ಗ್ರಾಂ. "ಮಗು ಹೊರಲಾರದು. ತಿರಸ್ಕೃತ."

"ಹೊರೋದ್ಯಾಕ್ರೀ? ಶಾಲೆ ಇದೇ ಮೇಜಿನ ಮೇಲಲ್ವಾ?"

ಎರಡನೆಯದರಲ್ಲಿ ಹತ್ತರ ಲೆಕ್ಕಕ್ಕೆಂದು ಬಣ್ಣಬಣ್ಣದ ಪ್ಲಾಸ್ಟಿಕ್ ಕಡ್ಡಿಗಳಿದ್ದವು. ಸಾಹೇಬರು ಅಳೆದರು. ಹತ್ತು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. "ಗ್ರಾಹಕರಿಗೆ ಮೋಸ!"

ಮೂರನೆಯದು ತೆಳ್ಳಗಿನ ಬಡಪಾಯಿ ಪುಸ್ತಕಗಳು. ಮೊದಲ ಪುಟದಲ್ಲೇ ತಕ್ಕಡಿಯ ಚಿತ್ರ. ಕಲ್ಲಂಗಡಿ ಇದ್ದ ತಟ್ಟೆ ಮೇಲೆ, ನಿಂಬೆಹಣ್ಣು ಇದ್ದ ತಟ್ಟೆ ಕೆಳಗೆ. ಸಾಹೇಬರು ಚೇಳು ಕಡಿದವರಂತೆ ಕೂಗಿದರು. ಉತ್ತರಗಳ ಪುಟಗಳನ್ನೂ ಜಾಲಾಡಿ ಹದಿನೇಳು ತಪ್ಪುಗಳ ವರದಿ ಬರೆದರು.

"ಮೊಸರಲ್ಲಿ ಕಲ್ಲು ಹುಡುಕ್ತಾ ಇದ್ದೀರಿ."

"ಕಲ್ಲು ಸಿಕ್ಕಿತಲ್ಲ!"

"ಸಿಕ್ಕಿತು. ಮಕ್ಕಳಿಗೆ ಮೊಸರು ಯಾವಾಗ?"

ಬಾಗಿಲ ಸಂದಿಯಿಂದ ದೊಡ್ಡವಳು ಮುಖ ಹಾಕಿದಳು. "ಅಪ್ಪಾ, ಅಚ್ಚಾದ ಪುಸ್ತಕಾನೂ ತಪ್ಪು ಮಾಡುತ್ತಾ?"

"ಒಂದಲ್ಲ ಕಂದಾ, ಹದಿನೇಳು!"

"ಯಾರೂ ಅದನ್ನ ನೋಡಿ ನಗಲಿಲ್ವಾ?"

ಸಾಹೇಬರಿಗೆ ಈ ಪ್ರಶ್ನೆ ಕೇಳಿಸಲಿಲ್ಲ. ಅವರು ವರದಿಯನ್ನು ಮೂರನೆಯ ಪೆಟ್ಟಿಗೆಯೊಳಗಿಟ್ಟು, ಸುತ್ತ ತಂತಿ ಬಿಗಿದು, ಸೀಸದ ಸೀಲು ಒತ್ತುತ್ತಿದ್ದರು. ಇಷ್ಟು ಕಲಬೆರಕೆಯ ಮಾಲು ಮಕ್ಕಳ ಕೈಗೆ ಸಿಗಬಾರದಲ್ಲ!

ಆಮೇಲೆ ಅವರಿಗೆ ಜ್ಞಾನೋದಯವಾಯಿತು. ಪಠ್ಯಕ್ರಮವನ್ನು ತಾವೇ ರಚಿಸಿದರೆ? ದಿನವೂ ಸಂಜೆ ಕೋಣೆ ಸೇರಿ ಬರೆಯತೊಡಗಿದರು. ಎರಡು ವಾರಕ್ಕೆ 'ಒಂದು ಎಂದರೇನು?' ಎಂಬ ಅಧ್ಯಾಯವೇ ಇಪ್ಪತ್ತಮೂರು ಪುಟ ದಾಟಿತು.

"ಅಪ್ಪಾ, ಎರಡು ಯಾವಾಗ ಬರುತ್ತೆ?" ಎಂದಳು ಆರು ವರ್ಷದ ಚಿಕ್ಕವಳು.

"ಮುಂದಿನ ತಿಂಗಳು."

ಹದಿನೈದನೆಯ ದಿನ ಬೆಳಿಗ್ಗೆ ಪೆಟ್ಟಿಗೆಗಳನ್ನು ಒಯ್ಯಲು ಕೊರಿಯರ್‌ನಾತ ಬಂದ. ಎರಡು ಪೆಟ್ಟಿಗೆ ಸಲೀಸಾಗಿ ಹೋದವು. ಮೂರನೆಯದನ್ನು ಸಾಹೇಬರು ಠೀವಿಯಿಂದ ಎತ್ತಿದರು. ತಂತಿ, ಸೀಲು, ಪೆಟ್ಟಿಗೆ ಕೈಯಲ್ಲೇ ಉಳಿದವು. ಪುಸ್ತಕಗಳು ಮಾತ್ರ ದಬದಬನೆ ಅವರ ಪಾದದ ಮೇಲೆ ಬಿದ್ದವು. ತಳವನ್ನು ಯಾರೋ ನೀಟಾಗಿ ಬಿಚ್ಚಿದ್ದರು. ಮೇಲೆ ಸೀಲು ಭದ್ರ, ಕೆಳಗೆ ಕೈಚಳಕ: ಪೇಟೆಯಲ್ಲಿ ಈ ಉಪಾಯವನ್ನು ಎಷ್ಟೋ ಸಲ ಹಿಡಿದು ದಂಡ ಹಾಕಿದ್ದ ಮಹಾನುಭಾವರು ಅವರು!

"ಯಾರ ಕೆಲಸ ಇದು?"

"ನಾನಲ್ಲ" ಎಂದಳು ಚಿಕ್ಕವಳು. "ನಾನು ಪೆಟ್ಟಿಗೆ ಅಲ್ಲಾಡದ ಹಾಗೆ ಹಿಡ್ಕೊಂಡಿದ್ದೆ, ಅಷ್ಟೇ."

ಸಾಹೇಬರು ಪುಸ್ತಕ ತೆರೆದರು. ಪೆನ್ಸಿಲ್ಲು, ಪೆನ್ಸಿಲ್ಲು, ಎಲ್ಲೆಲ್ಲೂ ಪೆನ್ಸಿಲ್ಲು. ಬರೆದದ್ದು, ಹೊಡೆದುಹಾಕಿದ್ದು, ಮತ್ತೆ ಬರೆದದ್ದು. ಎಷ್ಟು ಪುಟ ತಿರುಗಿಸಿದರೂ ಸಮ ಚಿಹ್ನೆಯ ಮುಂದೆ ಒಂದು ಜಾಗವೂ ಖಾಲಿ ಇಲ್ಲ.

ದೊಡ್ಡವಳು ಕೈಯಲ್ಲಿ ಅವರದೇ ವರದಿ ಹಿಡಿದು ಮುಂದೆ ಬಂದಳು. "ವರದಿ ನೋಡ್ದೇನೇ ತಪ್ಪು ಹುಡುಕೋಕೆ ಎಲ್ಲಾ ಲೆಕ್ಕಾನೂ ಮಾಡ್ಬೇಕಾಯ್ತು ಅಪ್ಪ. ಹದಿನಾಲ್ಕು ಸಿಕ್ತು. ಉಳಿದ ಮೂರು ಪುಸ್ತಕದ್ದಲ್ಲ."

"ಮತ್ಯಾರದು?"

"ನಿನ್ನದು. ಇಲ್ನೋಡು, ಏಳೆಂಟ್ಲೆ ಐವತ್ತಾರು ಅಂತ ಪುಸ್ತಕದಲ್ಲಿ ಸರಿಯಾಗೇ ಇದೆ. ನೀನು ವರದಿಯಲ್ಲಿ ಅದು ತಪ್ಪು, ಐವತ್ನಾಲ್ಕು ಆಗ್ಬೇಕು ಅಂತ ಬರ್ದಿದ್ದೀಯ."

ಸಾಹೇಬರ ಬೆರಳುಗಳು ಬೆನ್ನ ಹಿಂದೆ ಎಣಿಸುತ್ತ ಮಡಚಿಕೊಂಡು ಬಿಚ್ಚಿಕೊಂಡವು. ಕೊರಿಯರ್‌ನಾತ ತಲೆ ಕೆರೆದುಕೊಂಡ. "ಐವತ್ತಾರೇ ಸಾರ್."

"ನಿಂಗೆ ಇದೆಲ್ಲ ಗೊತ್ತಿತ್ತಾ?" ಸಾಹೇಬರು ಹೆಂಡತಿಯ ಕಡೆ ತಿರುಗಿದರು.

"ಮೊದಲ ದಿನದಿಂದ. ಹುಡುಗಿ ತಾನಾಗಿ ಕೂತು ಲೆಕ್ಕ ಮಾಡ್ತಿದ್ರೆ ಯಾರಾದ್ರೂ ಸದ್ದು ಮಾಡ್ತಾರೇನ್ರೀ? ಗೀರು ಬಿದ್ರೆ ಕೊಂಡಂತೆ ಅಲ್ವಾ? ಆಯ್ಕೆ ಆಗೇಹೋಯ್ತು. ಮುಂದಿನ ಭಾಗಾನೂ ತರಿಸಿ."

ಅಂದು ಸಂಜೆ ಊಟದ ಮೇಜಿನ ಮೇಲೆ ಶಾಲೆ ಕೂಡಿತು. ದೊಡ್ಡವಳು ಅಪ್ಪನ ಉಳಿದೆರಡು ತಪ್ಪಿನ ಲೆಕ್ಕಗಳನ್ನು ದುಂಡಗೆ ಬರೆದು ಅವರ ಮುಂದಿಟ್ಟಳು. ಬ್ಯಾಡ್ಜಿಲ್ಲದ ಸಾಹೇಬರು ಪೆನ್ಸಿಲ್ ಹಿಡಿದು ಅಡುಗೆಮನೆಯಲ್ಲಿದ್ದ ಹೆಂಡತಿಯತ್ತ ಒಮ್ಮೆ, ಕಿಟಕಿಯತ್ತ ಒಮ್ಮೆ ನೋಡಿದರು.

"ಬರಿ ಅಪ್ಪ" ಎಂದಳು ಮಗಳು, ತಗ್ಗಿದ ದನಿಯಲ್ಲಿ. "ತಪ್ಪಾದ್ರೆ ಅಳಿಸಿ ಬರೆದ್ರಾಯ್ತು. ಇಲ್ಲಿ ಯಾರೂ ನಗಲ್ಲ."

ಸಾಹೇಬರು ಬರೆದರು. ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು.

"ಅಮ್ಮಾ," ಚಿಕ್ಕವಳು ಅಡುಗೆಮನೆಗೆ ಕೇಳುವಂತೆ ಕೂಗಿದಳು, "ಅಪ್ಪಂಗೆ ಇನ್ನೊಂದು ರಬ್ಬರ್ ಬೇಕಂತೆ!"